ಮರಕ್ಕೊಂದು ಬೆಲೆ, ಮುಟ್ಟಿದ ಕೈಗೊಂದು ಬೆಲೆ

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿಯಲ್ಲಿ ಅರಣ್ಯ ಇಲಾಖೆಯ ನಾಟಾ ಡಿಪೋ ಒಂದುಂಟು. ಹಳಿಯಾಳ, ಜೋಯಿಡಾ ಕಡೆಯ ಕಾಡುಗಳಲ್ಲಿ ಬೆಳೆದ ತೇಗ, ಬೀಟೆ, ಮತ್ತಿ, ನಂದಿ ಮೊದಲಾದ ಮರಗಳ ದಿಮ್ಮಿಗಳು ಅಲ್ಲಿ ಸಾಲುಸಾಲಾಗಿ ಮಲಗಿರುತ್ತವೆ. ಹರಾಜಿಗೆ ಮುನ್ನ ವ್ಯಾಪಾರಿಗಳು ಈ ಸಾಲುಗಳ ನಡುವೆ ಅಡ್ಡಾಡುತ್ತಾರೆ. ದಿಮ್ಮಿಯ ಉದ್ದವೆಷ್ಟು, ಸುತ್ತಳತೆ ಎಷ್ಟು, ಮೈ ನೇರವಾಗಿದೆಯೇ, ಗಂಟುಗಳಿವೆಯೇ, ಕೆಚ್ಚು ಎಷ್ಟು ಅಗಲ, ಒಳಗೆ ಪೊಳ್ಳು ಬಿದ್ದಿದೆಯೇ ಎಂದು ನೋಡುತ್ತಾರೆ. ತಟ್ಟಿ ಸದ್ದು ಕೇಳುತ್ತಾರೆ. ನಮ್ಮ ಕಡೆಯ ಹಿರಿಯರು ‘ಲಿಲಾವು’ ಎಂದು ಕರೆಯುವ ಈ ವ್ಯಾಪಾರ ಈಗ ಗಣಕಯಂತ್ರದ ಮೂಲಕವೂ ನಡೆಯುತ್ತದೆ. ಆದರೆ ಅದರ ತರ್ಕ ಮಾತ್ರ ಹಳೆಯದೇ: ದಿಮ್ಮಿಯ ಬೆಲೆ ದಿಮ್ಮಿಯೊಳಗೇ ಇದೆ. ಆ ಮರದ ನೆರಳಿನಲ್ಲಿ ಯಾವ ಮಹಾಪುರುಷನು ಕುಳಿತಿದ್ದನೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಇನ್ನೊಂದು ಹರಾಜನ್ನು ನೋಡೋಣ. ೨೦೧೯ನೆಯ ಇಸವಿ ಜೂನ್ ೨೦ರಂದು ನ್ಯೂಯಾರ್ಕಿನ ಕ್ರಿಸ್ಟೀಸ್ ಸಂಸ್ಥೆಯಲ್ಲಿ ‘ಪಿಂಕ್ ಫ್ಲಾಯ್ಡ್’ ವಾದ್ಯವೃಂದದ ಡೇವಿಡ್ ಗಿಲ್ಮೋರರ ಗಿಟಾರುಗಳು ಮಾರಾಟಕ್ಕೆ ಬಂದುವು. ಅವುಗಳಲ್ಲಿ ಒಂದು, ಮಾರ್ಟಿನ್ ಕಂಪನಿಯು ೧೯೬೯ರಲ್ಲಿ ತಯಾರಿಸಿದ ‘ಡಿ-೩೫’ ಎಂಬ ಗಿಟಾರು. ಅದರ ಬೆನ್ನು ಮತ್ತು ಪಕ್ಕಗಳು ಬೀಟೆಯ ಕುಲಕ್ಕೆ ಸೇರಿದ ಮರದವು. ಅದು ೧೦ ಲಕ್ಷ ೯೫ ಸಾವಿರ ಡಾಲರುಗಳಿಗೆ ಹೋಯಿತು. ಅದೇ ಮಾದರಿಯ ಹೊಸ ಗಿಟಾರು ಅಂಗಡಿಯಲ್ಲಿ ಕೆಲವು ಸಾವಿರ ಡಾಲರುಗಳಿಗೆ ದೊರೆಯುತ್ತದೆ. ಅದೇ ದಿನ ಗಿಲ್ಮೋರರ ಕಪ್ಪು ಬಣ್ಣದ ವಿದ್ಯುತ್ ಗಿಟಾರು ೩೯ ಲಕ್ಷ ೭೫ ಸಾವಿರ ಡಾಲರುಗಳನ್ನು ತಂದಿತು. ಮರುವರ್ಷ, ೨೦೨೦ರ ಜೂನ್‌ನಲ್ಲಿ, ಕರ್ಟ್ ಕೋಬೇನ್ ಎಂಬ ಗಾಯಕ ೧೯೯೩ರಲ್ಲಿ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ನುಡಿಸಿದ್ದ ಗಿಟಾರಿಗೆ ೬೦ ಲಕ್ಷ ೧೦ ಸಾವಿರ ಡಾಲರು ಬಂದಾಗ, ಅದು ಅಲ್ಲಿಯವರೆಗಿನ ದಾಖಲೆಯಾಯಿತು.

ಒಂದೇ ಬಗೆಯ ಮರ, ಒಂದೇ ಬಗೆಯ ತಂತಿ, ಒಂದೇ ಬಗೆಯ ಅಂಟು. ಹಾಗಾದರೆ ಈ ಹೆಚ್ಚಿನ ಬೆಲೆ ಎಲ್ಲಿಂದ ಬಂದಿತು? ಒಂದೊಂದೇ ಕಾರಣವನ್ನು ಎತ್ತಿಕೊಂಡು ಪರಿಶೀಲಿಸೋಣ.

ಮರದ ಲೆಕ್ಕ

ಬೀಟೆ ಮರದ ಶಾಸ್ತ್ರೀಯ ನಾಮ ಡಾಲ್ಬರ್ಜಿಯ ಲ್ಯಾಟಿಫೋಲಿಯ. ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ, ನೆರಳಿಗೆಂದು ಉಳಿಸಿಕೊಂಡ ಕಾಫಿ ತೋಟಗಳಲ್ಲಿಯೂ ಅದು ಬೆಳೆಯುತ್ತದೆ. ಒಣಗಿದ ತೇಗ ಒಂದು ಘನಮೀಟರಿಗೆ ಸುಮಾರು ೬೫೦ ಕಿಲೋಗ್ರಾಂ ತೂಗಿದರೆ, ಬೀಟೆ ಸುಮಾರು ೮೩೦ ಕಿಲೋಗ್ರಾಂ ತೂಗುತ್ತದೆ. ಗಟ್ಟಿ, ಭಾರ, ಕೆನ್ನೇರಿಳೆಯ ಛಾಯೆ, ಒಣಗಿದ ಬಳಿಕ ಸೊಟ್ಟಗಾಗದ ಸ್ವಭಾವ: ಇವು ಅದರ ಗುಣಗಳು. ಮೊದಲು ಅಮೇರಿಕದ ಗಿಟಾರು ತಯಾರಕರು ಇದರ ದಾಯಾದಿಯಾದ ಬ್ರೆಜಿಲ್ ದೇಶದ ಮರವನ್ನು ಬಳಸುತ್ತಿದ್ದರು. ಅಗಲವಾದ ಹಲಗೆಗಳು ಸಿಕ್ಕುವುದು ಕಷ್ಟವಾದಾಗ, ೧೯೬೫ರಲ್ಲಿ, ಮೂರು ಕಿರಿದಾದ ತುಂಡುಗಳನ್ನು ಜೋಡಿಸಿ ಬೆನ್ನು ಮಾಡುವ ಡಿ-೩೫ ಮಾದರಿ ಹುಟ್ಟಿತು. ಬ್ರೆಜಿಲ್ ಸರಕಾರ ದಿಮ್ಮಿಗಳ ರಫ್ತನ್ನು ತಡೆದ ಮೇಲೆ, ೧೯೬೯ರಲ್ಲಿ, ಮಾರ್ಟಿನ್ ಕಂಪನಿ ನಮ್ಮ ಬೀಟೆಯ ಕಡೆಗೆ ತಿರುಗಿತು. ಅಂದಿನಿಂದ ದಕ್ಷಿಣ ಭಾರತದ ಮರ ಲೋಕದ ಸಂಗೀತದ ಒಂದು ಅಂಗವಾಗಿದೆ.

ಒಂದು ಗಿಟಾರಿನ ಬೆನ್ನಿಗೂ ಪಕ್ಕಗಳಿಗೂ ಬೇಕಾಗುವ ಮರವೆಷ್ಟು? ಬೆನ್ನಿಗೆ ೫೬ ಸೆಂಟಿಮೀಟರು ಉದ್ದ, ೨೨ ಸೆಂಟಿಮೀಟರು ಅಗಲದ ಎರಡು ಹಲಗೆಗಳು. ಪಕ್ಕಗಳಿಗೆ ೮೪ ಸೆಂಟಿಮೀಟರು ಉದ್ದ, ೧೩ ಸೆಂಟಿಮೀಟರು ಅಗಲದ ಎರಡು ಪಟ್ಟಿಗಳು. ಎಲ್ಲವೂ ೪ ಮಿಲಿಮೀಟರು ದಪ್ಪವೆಂದು ಇಟ್ಟುಕೊಳ್ಳೋಣ. ಒಟ್ಟು ಸುಮಾರು ೧,೮೬೦ ಘನ ಸೆಂಟಿಮೀಟರು. ಗರಗಸದ ಹೊಟ್ಟಿಗೂ ಕತ್ತರಿಸಿ ಎಸೆಯುವ ತುಂಡುಗಳಿಗೂ ಅಷ್ಟೇ ಹೋಗುತ್ತದೆಂದು ಹಿಡಿದರೂ, ಒಂದು ಘನಮೀಟರು ಒಳ್ಳೆಯ ಮರದಿಂದ ಸುಮಾರು ೨೫೦ ಗಿಟಾರುಗಳಿಗೆ ಹಲಗೆ ದೊರೆಯಬೇಕು. ಆದ್ದರಿಂದ ದಿಮ್ಮಿ ಎಷ್ಟೇ ದುಬಾರಿಯಾದರೂ, ಒಂದು ಗಿಟಾರಿನ ಪಾಲಿಗೆ ಬರುವ ಮರದ ಬೆಲೆ ಅಲ್ಪವೇ. ಹತ್ತು ಲಕ್ಷ ಡಾಲರುಗಳ ಗುಟ್ಟು ಮರದಲ್ಲಿಲ್ಲ.

ಕಿವಿಯ ತೀರ್ಪು

ಮರದಲ್ಲಿಲ್ಲದಿದ್ದರೆ ನಾದದಲ್ಲಿರಬಹುದೇ? ಪ್ರಸಿದ್ಧನ ಗಿಟಾರು ಇತರ ಗಿಟಾರುಗಳಿಗಿಂತ ಇಂಪಾಗಿ ನುಡಿಯುವುದೇ?

ಇದಕ್ಕೆ ಸಮೀಪದ ಪ್ರಶ್ನೆಯೊಂದನ್ನು ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಕೈಗೆತ್ತಿಕೊಂಡರು. ಒಬ್ಬನೇ ತಯಾರಕನಿಂದ ಆರು ಗಿಟಾರುಗಳನ್ನು ಮಾಡಿಸಿದರು. ಬೆನ್ನು ಮತ್ತು ಪಕ್ಕಗಳ ಮರವೊಂದನ್ನು ಬಿಟ್ಟು ಉಳಿದದ್ದೆಲ್ಲವೂ ಒಂದೇ. ಒಂದಕ್ಕೆ ಬ್ರೆಜಿಲಿನ ದುಬಾರಿ ಮರ, ಒಂದಕ್ಕೆ ನಮ್ಮ ಬೀಟೆ, ಉಳಿದವುಗಳಿಗೆ ಬೇರೆ ಬೇರೆ ಮರಗಳು. ೫೨ ಮಂದಿ ವಾದಕರು ಮಂದ ಬೆಳಕಿನಲ್ಲಿ, ಬೆಸುಗೆ ಹಾಕುವವರ ಕಪ್ಪು ಕನ್ನಡಕ ಧರಿಸಿ, ಇವುಗಳನ್ನು ನುಡಿಸಿ ಅಂಕ ಕೊಟ್ಟರು. ೨೦೧೮ರಲ್ಲಿ ಫಲಿತಾಂಶ ಪ್ರಕಟವಾಯಿತು. ಆರಕ್ಕೂ ಹೆಚ್ಚುಕಡಿಮೆ ಒಂದೇ ಅಂಕ! ಕಣ್ಣಿಗೆ ಕಾಣದಂತೆ ಮಾಡಿದಾಗ ದುಬಾರಿ ಮರದ ಮೇಲ್ಮೆ ಕಿವಿಗೆ ಕೇಳಿಸಲಿಲ್ಲ. ಇದಕ್ಕೆ ಕಾರಣವನ್ನೂ ಊಹಿಸಬಹುದು. ತಂತಿಯ ಕಂಪನವನ್ನು ಗಾಳಿಗೆ ದಾಟಿಸುವ ಮುಖ್ಯ ಕೆಲಸ ಗಿಟಾರಿನ ಮುಂಭಾಗದ ತೆಳು ಹಲಗೆಯದು. ಬೆನ್ನು ಅದಕ್ಕೆ ಒತ್ತಾಸೆ ಮಾತ್ರ. ಪಿಟೀಲಿನ ವಿಷಯದಲ್ಲಿಯೂ ಇಂಥದೇ ಪರೀಕ್ಷೆಗಳು ನಡೆದಿವೆ. ಕ್ಲೋಡಿಯಾ ಫ್ರಿಟ್ಸ್ ಮತ್ತು ಸಂಗಡಿಗರು ೨೦೧೨ ಮತ್ತು ೨೦೧೪ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ನುರಿತ ವಾದಕರು ಮುನ್ನೂರು ವರ್ಷಗಳಷ್ಟು ಹಳೆಯ ಇಟಲಿಯ ಪಿಟೀಲುಗಳಿಗಿಂತ ಹೊಸ ಪಿಟೀಲುಗಳನ್ನೇ ಹೆಚ್ಚಾಗಿ ಮೆಚ್ಚಿದರು.

ನಾದಕ್ಕೆ ಬೆಲೆಯಿಲ್ಲವೆಂದು ಇದರ ಅರ್ಥವಲ್ಲ. ಒಳ್ಳೆಯ ನಾದವು ಒಳ್ಳೆಯ ಹೊಸ ಗಿಟಾರಿನಲ್ಲಿಯೂ ದೊರೆಯುತ್ತದೆ. ಆದುದರಿಂದ ಅದೊಂದೇ ಇಷ್ಟು ದೊಡ್ಡ ಅಂತರವನ್ನು ವಿವರಿಸಲಾರದು.

ಪ್ರತಿಕೃತಿಯ ಪ್ರಶ್ನೆ

ಎರಿಕ್ ಕ್ಲಾಪ್ಟನ್ ಎಂಬ ಇಂಗ್ಲೀಷ್ ವಾದಕರು ಮೂರು ಹಳೆಯ ಗಿಟಾರುಗಳ ಭಾಗಗಳನ್ನು ಕೂಡಿಸಿ ಮಾಡಿಕೊಂಡ ‘ಬ್ಲ್ಯಾಕಿ’ ಎಂಬ ಕಪ್ಪು ಗಿಟಾರು ೨೦೦೪ರಲ್ಲಿ ೯,೫೯,೫೦೦ ಡಾಲರುಗಳಿಗೆ ಮಾರಾಟವಾಯಿತು. ೨೦೦೬ರಲ್ಲಿ ಫೆಂಡರ್ ಕಂಪನಿಯು ಅದರ ೨೭೫ ಪ್ರತಿಕೃತಿಗಳನ್ನು ತಯಾರಿಸಿತು. ಮೂಲದಲ್ಲಿದ್ದ ಗೀರು, ಸವೆತ, ಸಿಗರೇಟಿನ ಸುಟ್ಟ ಗುರುತು ಎಲ್ಲವನ್ನೂ ಹಾಗೆಯೇ ಮೂಡಿಸಿತ್ತು. ಒಂದೊಂದರ ಬೆಲೆ ಸುಮಾರು ೨೪,೦೦೦ ಡಾಲರು. ಅಂದರೆ ಮೂಲದ ಬೆಲೆ ನಕಲಿನ ಬೆಲೆಯ ೪೦ ಪಟ್ಟು. ಕಣ್ಣಿಗೆ ಎರಡೂ ಒಂದೇ. ಆದರೂ ಒಂದು ರೂಪಾಯಿಯ ಎದುರಿಗೆ ಎರಡೂವರೆ ಪೈಸೆ!

ಹಣದ ಲೆಕ್ಕವರಿಯದ ಮಕ್ಕಳಲ್ಲಿಯೂ ಈ ಭಾವನೆ ಉಂಟೆಂದು ಬ್ರೂಸ್ ಹುಡ್ ಮತ್ತು ಪಾಲ್ ಬ್ಲೂಮ್ ಎಂಬ ಮನೋವಿಜ್ಞಾನಿಗಳು ೨೦೦೮ರಲ್ಲಿ ತೋರಿಸಿದರು. ಎರಡು ಪೆಟ್ಟಿಗೆಗಳುಳ್ಳ ಒಂದು ‘ನಕಲು ಯಂತ್ರ’ವನ್ನು ಅವರು ಮಕ್ಕಳ ಮುಂದಿಟ್ಟರು. ಒಂದು ಪೆಟ್ಟಿಗೆಯಲ್ಲಿ ವಸ್ತುವನ್ನಿಟ್ಟರೆ ಇನ್ನೊಂದರಲ್ಲಿ ಅದರ ಪಡಿಯಚ್ಚು ಕಾಣಿಸಿಕೊಳ್ಳುತ್ತಿತ್ತು. ನಿಜವಾಗಿ ಅದೊಂದು ಗಾರುಡಿ. ಎರಡನೆಯ ವಸ್ತುವನ್ನು ಮೊದಲೇ ಬಚ್ಚಿಡಲಾಗಿತ್ತು. ವಸ್ತು ಬರಿಯ ಬೆಳ್ಳಿಯದೆಂದು ಹೇಳಿದಾಗ, ಆರು ವರ್ಷದ ಸುಮಾರಿನ ಮಕ್ಕಳು ಮೂಲಕ್ಕೂ ನಕಲಿಗೂ ದೊಡ್ಡ ಭೇದವೆಣಿಸಲಿಲ್ಲ. ಅದು ಎಲಿಜಬೆತ್ ರಾಣಿಯದೆಂದು ಹೇಳಿದಾಗ ಮಾತ್ರ ಮೂಲಕ್ಕೇ ಹೆಚ್ಚು ಬೆಲೆ ಕಟ್ಟಿದರು. ರೂಪವನ್ನು ನಕಲು ಮಾಡಬಹುದು, ಚರಿತ್ರೆಯನ್ನು ನಕಲು ಮಾಡಲಾಗದು ಎಂಬ ಅರಿವು ಅಷ್ಟು ಚಿಕ್ಕ ವಯಸ್ಸಿಗೇ ಮೂಡಿರುತ್ತದೆ.

ಮುಟ್ಟಿದರೆ ಅಂಟುವುದೇನು?

ಒಬ್ಬನು ಬಳಸಿದ ವಸ್ತುವಿನಲ್ಲಿ ಆತನ ಸತ್ತ್ವ ಸ್ವಲ್ಪ ಉಳಿದಿರುತ್ತದೆಂಬ ನಂಬಿಕೆ ಬಹು ಪುರಾತನವಾದುದು. ಭರತನು ಅಣ್ಣನ ಪಾದುಕೆಗಳನ್ನು ಸಿಂಹಾಸನದ ಮೇಲಿಟ್ಟು ರಾಜ್ಯಭಾರ ಮಾಡಿದ ಕಥೆ ನಮಗೆಲ್ಲ ಗೊತ್ತು. ಮುಂಡಗೋಡದ ಬಳಿ ೧೯೬೬ರಲ್ಲಿ ನೆಲೆಗೊಂಡ ಟಿಬೆಟನ್ನರ ಸಂಪ್ರದಾಯದಲ್ಲಿ ಗುರುಗಳು ಧರಿಸಿದ ವಸ್ತ್ರ, ಬಳಸಿದ ಪಾತ್ರೆಗಳಿಗೆ ಪೂಜ್ಯ ಸ್ಥಾನವಿದೆ. ಜೇಮ್ಸ್ ಫ್ರೇಜರ್ ಎಂಬ ವಿದ್ವಾಂಸನು ೧೮೯೦ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಲೋಕದ ನಾನಾ ಜನಾಂಗಗಳಿಂದ ಇಂಥ ನಂಬಿಕೆಗಳನ್ನು ಸಂಗ್ರಹಿಸಿ, ಒಮ್ಮೆ ಸಂಪರ್ಕಕ್ಕೆ ಬಂದವುಗಳ ಸಂಬಂಧ ಅಗಲಿಕೆಯ ಮೇಲೂ ಮುಂದುವರಿಯುತ್ತದೆಂದು ಜನ ಎಣಿಸುತ್ತಾರೆಂದು ಹೇಳಿದನು.

ಆಧುನಿಕ ಪಟ್ಟಣಿಗನಿಗೆ ಇಂಥ ನಂಬಿಕೆ ಇಲ್ಲವೆಂದು ನಾವು ತಿಳಿಯಬಾರದು. ಜಾರ್ಜ್ ನ್ಯೂಮನ್, ಗಿಲ್ ಡೀಸೆನ್‌ಡ್ರುಕ್, ಪಾಲ್ ಬ್ಲೂಮ್ ಈ ಮೂವರು ೨೦೧೧ರಲ್ಲಿ ಪ್ರಕಟಿಸಿದ ಪ್ರಯೋಗ ಸ್ವಾರಸ್ಯವಾಗಿದೆ. ಜನಪ್ರಿಯ ನಟನೊಬ್ಬನ ಸ್ವೆಟರನ್ನು ಕೊಳ್ಳಲು ನಿಮಗೆಷ್ಟು ಆಸೆ ಎಂದು ಕೇಳಿದಾಗ ಜನ ಉತ್ಸಾಹ ತೋರಿದರು. ಆ ಸ್ವೆಟರನ್ನು ಚೆನ್ನಾಗಿ ಶುದ್ಧೀಕರಿಸಿ ಕೊಡುವೆವೆಂದಾಗ ಆಸೆ ತಗ್ಗಿತು! ಬಟ್ಟೆ ಶುಭ್ರವಾದರೆ ಬೆಲೆ ಏರಬೇಕಷ್ಟೆ, ಇಲ್ಲಿ ಇಳಿಯಿತು. ನೀರಿನೊಂದಿಗೆ ಏನೋ ಕಳೆದುಹೋಯಿತೆಂದು ಜನ ಭಾವಿಸಿದರು. ನ್ಯೂಮನ್ ಮತ್ತು ಬ್ಲೂಮ್ ೨೦೧೪ರಲ್ಲಿ ನಿಜವಾದ ಹರಾಜುಗಳ ದಾಖಲೆಗಳನ್ನೇ ಪರೀಕ್ಷಿಸಿದರು. ಅಧ್ಯಕ್ಷ ಕೆನಡಿಯಂಥ ಮೆಚ್ಚಿನ ವ್ಯಕ್ತಿಗಳ ಸಾಮಾನುಗಳಲ್ಲಿ, ಮೈಗೆ ಹೆಚ್ಚು ತಾಗಿರಬಹುದಾದ ವಸ್ತುಗಳಿಗೆ ಹೆಚ್ಚು ಬೆಲೆ ಬಂದಿತ್ತು. ಹೂಡಿಕೆದಾರರನ್ನು ವಂಚಿಸಿ ಸೆರೆಮನೆ ಸೇರಿದ ಬರ್ನಾರ್ಡ್ ಮೇಡಾಫನ ಸಾಮಾನುಗಳಲ್ಲಿ ಇದು ತಲೆಕೆಳಗಾಗಿತ್ತು. ಸಂಪರ್ಕ ಹೆಚ್ಚಿದಷ್ಟೂ ಬೆಲೆ ಇಳಿದಿತ್ತು.

ಈಗ ಗಿಟಾರನ್ನು ನೆನೆಯಿರಿ. ಎದೆಗವಚಿ, ತೋಳು ಬಳಸಿ, ಹತ್ತು ಬೆರಳುಗಳಿಂದಲೂ ವರ್ಷಗಟ್ಟಲೆ ಮುಟ್ಟಿ ನುಡಿಸುವ ವಾದ್ಯವದು. ಬೆವರು ಹಲಗೆಯ ಬಣ್ಣ ಕೆಡಿಸುತ್ತದೆ, ಬೆರಳು ಮರವನ್ನು ಸವೆಸುತ್ತದೆ. ಬೇರೆಯವರ ಗಿಟಾರಿನಲ್ಲಿ ಕುಂದೆನಿಸುವ ಈ ಸವೆತವೇ ಪ್ರಸಿದ್ಧನ ಗಿಟಾರಿನಲ್ಲಿ ಸಂಪತ್ತು.

ನಮ್ಮ ನಾಡಿನಲ್ಲಿ ಗಿಟಾರಿನ ಸ್ಥಾನದಲ್ಲಿ ಖಡ್ಗವನ್ನು ಕಾಣುತ್ತೇವೆ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪೂ ಸುಲ್ತಾನನ ಖಾಸಗಿ ಕೋಣೆಯಲ್ಲಿ ದೊರೆತು, ಬ್ರಿಟಿಷ್ ಸೇನಾನಿ ಡೇವಿಡ್ ಬೇರ್ಡನಿಗೆ ಕಾಣಿಕೆಯಾಗಿ ಹೋದ ಖಡ್ಗವು ೨೦೨೩ರ ಮೇ ೨೩ರಂದು ಲಂಡನ್ನಿನ ಬಾನಮ್ಸ್ ಸಂಸ್ಥೆಯಲ್ಲಿ ೧ ಕೋಟಿ ೪೦ ಲಕ್ಷ ೮೦ ಸಾವಿರದ ೯೦೦ ಪೌಂಡುಗಳಿಗೆ ಮಾರಾಟವಾಯಿತು. ಮುಂಚಿನ ಅಂದಾಜು ೧೫ರಿಂದ ೨೦ ಲಕ್ಷ ಪೌಂಡು ಮಾತ್ರ. ಸಂಪರ್ಕದ ಭಾವನೆ ಎರಡು ಅಲಗಿನದೆಂಬುದಕ್ಕೂ ಟಿಪ್ಪುವಿನ ಇನ್ನೊಂದು ಖಡ್ಗ ಸಾಕ್ಷಿಯಾಗಿದೆ. ೨೦೦೩ರ ಹರಾಜಿನಲ್ಲಿ ಅದನ್ನು ಬೆಂಗಳೂರಿನ ಉದ್ಯಮಿ ವಿಜಯ ಮಲ್ಯರು ಕೊಂಡಿದ್ದರು. ಅದು ಮನೆಗೆ ಶುಭವಲ್ಲವೆಂದು ಕುಟುಂಬದವರು ಭಾವಿಸಿದ್ದರಿಂದ ೨೦೧೬ರಲ್ಲಿ ಅದನ್ನು ಬೇರೆಯವರಿಗೆ ಕೊಟ್ಟುಬಿಡಲಾಯಿತೆಂಬ ಸಂಗತಿ ೨೦೧೮ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಹೊರಬಂದಿತು. ಅದೇ ಉಕ್ಕು, ಅದೇ ಹೆಸರು; ಒಮ್ಮೆ ಆಕರ್ಷಣೆ, ಒಮ್ಮೆ ಅಂಜಿಕೆ.

ಇಬ್ಬರು ಸಾಕು

ಭಾವನೆ ಎಷ್ಟೇ ಆಳವಾಗಿದ್ದರೂ ಅದು ತಾನಾಗಿ ಹಣವಾಗಲಾರದು. ಅದನ್ನು ಹಣವಾಗಿ ಮಾರ್ಪಡಿಸುವ ಯಂತ್ರವೇ ಹರಾಜು. ಏರುತ್ತ ಹೋಗುವ ಸವಾಲಿನಲ್ಲಿ ವಸ್ತುವನ್ನು ಗೆಲ್ಲುವವನು ತನ್ನ ಶಕ್ತಿಯಷ್ಟನ್ನೂ ತೆರುವುದಿಲ್ಲ. ತನ್ನ ಎದುರಾಳಿ ಕೈಬಿಟ್ಟ ಮೊತ್ತಕ್ಕಿಂತ ತುಸು ಹೆಚ್ಚು ತೆರುತ್ತಾನೆ, ಅಷ್ಟೆ. ಆದುದರಿಂದ ಬೆಲೆಯನ್ನು ನಿಶ್ಚಯಿಸುವವನು ಗೆದ್ದವನಲ್ಲ, ಎರಡನೆಯವನು! ವಿಲಿಯಂ ವಿಕ್ರೀ ಎಂಬ ಅರ್ಥಶಾಸ್ತ್ರಜ್ಞರು ೧೯೬೧ರಲ್ಲಿ ಈ ತತ್ತ್ವವನ್ನು ಗಣಿತದಿಂದ ವಿವರಿಸಿದರು. ಲೋಕದ ಕೋಟ್ಯಂತರ ಜನರಿಗೆ ಕೋಬೇನನ ಗಿಟಾರು ಬೇಡವಾಗಿದ್ದರೂ ಚಿಂತೆಯಿಲ್ಲ. ಅದನ್ನು ಬಿಡಲೊಲ್ಲದ ಇಬ್ಬರು ಧನಿಕರು ಸಾಕು.

ದಾಂಡೇಲಿಯ ದಿಮ್ಮಿಗೂ ನ್ಯೂಯಾರ್ಕಿನ ಗಿಟಾರಿಗೂ ಇರುವ ಮುಖ್ಯ ಭೇದ ಇಲ್ಲಿದೆ. ದಿಮ್ಮಿಯೊಳಗೆ ಎಷ್ಟು ಒಳ್ಳೆಯ ಮರವಿದೆಯೆಂಬುದು ಎಲ್ಲ ವ್ಯಾಪಾರಿಗಳಿಗೂ ಒಂದೇ ಆದ ಸತ್ಯ. ಅದು ಯಾರಿಗೂ ಪೂರ್ತಿ ತಿಳಿಯದು, ಅಷ್ಟೆ. ಎಲ್ಲರಿಗಿಂತ ಹೆಚ್ಚಾಗಿ ಅಂದಾಜು ಮಾಡಿದವನು ಗೆಲ್ಲುತ್ತಾನೆ. ಮಿಲ್ಲಿನಲ್ಲಿ ಕೊಯ್ದಾಗ ಒಳಗೆ ಪೊಳ್ಳು ಕಂಡರೆ ಗೆಲುವೇ ಸೋಲಾಗುತ್ತದೆ. ಇದನ್ನು ‘ಗೆದ್ದವನ ಶಾಪ’ವೆಂದು ಕರೆಯುತ್ತಾರೆ. ೧೯೭೧ರಲ್ಲಿ ಅಮೇರಿಕದ ಮೂವರು ಎಂಜಿನಿಯರುಗಳು ಸಮುದ್ರತಳದ ಎಣ್ಣೆ ನಿಕ್ಷೇಪಗಳ ಹರಾಜಿನಲ್ಲಿ ಇದನ್ನು ಗುರುತಿಸಿದ್ದರು. ಹರಾಜಿನ ಇಂಥ ಸೂಕ್ಷ್ಮಗಳನ್ನು ಬಿಡಿಸಿ ತೋರಿಸಿದುದಕ್ಕಾಗಿ ಪಾಲ್ ಮಿಲ್‌ಗ್ರೋಮ್, ರಾಬರ್ಟ್ ವಿಲ್ಸನ್ ಇವರಿಗೆ ೨೦೨೦ರ ನೊಬೆಲ್ ಅರ್ಥಶಾಸ್ತ್ರ ಪಾರಿತೋಷಕ ದೊರೆಯಿತು. ಗಿಟಾರಿನ ಬೆಲೆಯಾದರೋ ಒಬ್ಬೊಬ್ಬನ ಎದೆಯಲ್ಲಿ ಒಂದೊಂದು. ಅದನ್ನು ಕೊಯ್ದು ನೋಡುವಂತಿಲ್ಲ.

ಎದೆಯ ಬೆಲೆ ಎಷ್ಟು ಬೇಗ ಏರಬಲ್ಲುದೆಂಬುದಕ್ಕೆ ೨೦೦೯ರ ಮಾರ್ಚಿ ತಿಂಗಳ ಘಟನೆ ನಿದರ್ಶನ. ನ್ಯೂಯಾರ್ಕಿನಲ್ಲಿ ಗಾಂಧೀಜಿಯವರ ಕನ್ನಡಕ, ಚಪ್ಪಲಿ, ಜೇಬುಗಡಿಯಾರ, ಹಿತ್ತಾಳೆಯ ಬಟ್ಟಲು ಮತ್ತು ತಟ್ಟೆ ಹರಾಜಿಗೆ ಬಂದುವು. ಅಂದಾಜು ೨೦ರಿಂದ ೩೦ ಸಾವಿರ ಡಾಲರು. ಭಾರತದಲ್ಲಿ ಕೋಲಾಹಲವೆದ್ದಿತು, ಮಾರುವವನೇ ಕೊನೆಯ ಗಳಿಗೆಯಲ್ಲಿ ಹಿಂದೆಗೆಯಲು ಯತ್ನಿಸಿದನು. ವಿಜಯ ಮಲ್ಯರ ಪರವಾಗಿ ೧೮ ಲಕ್ಷ ಡಾಲರುಗಳಿಗೆ ಸವಾಲು ನಿಂತಿತು. ಅಂದಾಜಿನ ೬೦ ಪಟ್ಟು! ೨೦೨೦ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಗಾಂಧೀಜಿಯವರ ಮತ್ತೊಂದು ಕನ್ನಡಕ ೨ ಲಕ್ಷ ೬೦ ಸಾವಿರ ಪೌಂಡುಗಳಿಗೆ ಹೋಯಿತು. ಅದನ್ನು ಯಾರೋ ಒಂದು ಲಕೋಟೆಯಲ್ಲಿ ಹಾಕಿ ಹರಾಜುಗಾರರ ಅಂಚೆಪೆಟ್ಟಿಗೆಯಲ್ಲಿ ಬಿಟ್ಟು ಹೋಗಿದ್ದರು. ತನಗೆಂದು ಏನನ್ನೂ ಇಟ್ಟುಕೊಳ್ಳದ ಮನುಷ್ಯನ ಅಲ್ಪ ವಸ್ತುಗಳಿಗೆ ಇಂಥ ಬೆಲೆ ಬಂದುದು ಒಂದು ವಿಪರ್ಯಾಸವೇ ಸರಿ.

ಇದಕ್ಕೆ ವಿರುದ್ಧವಾದ ಚಿತ್ರವನ್ನೂ ಊಹಿಸಿಕೊಳ್ಳೋಣ. ಕಾಳೀ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಊರು ಮುಳುಗಿತು. ತಾಲ್ಲೂಕಿನ ಕೇಂದ್ರ ಜೋಯಿಡಾಕ್ಕೆ ಬಂದಿತು. ಊರು ಬಿಡುವಾಗ ಒಬ್ಬ ಗೃಹಸ್ಥನು ತನ್ನ ಮನೆಯ ಹೆಬ್ಬಾಗಿಲನ್ನು ಕಳಚಿ ತಂದಿದ್ದರೆ, ಆತನಿಗೆ ಅದು ಬೆಲೆ ಕಟ್ಟಲಾರದ ವಸ್ತು. ಆದರೆ ಹರಾಜಿಗಿಟ್ಟರೆ ಅದು ಹಳೆಯ ಮರದ ಬೆಲೆಗೆ ಹೋದೀತು. ಏಕೆಂದರೆ ಎರಡನೆಯ ಸವಾಲುಗಾರನಿಲ್ಲ. ಬೆಲೆ ಕಡಮೆಯೆಂದ ಮಾತ್ರಕ್ಕೆ ಮೌಲ್ಯ ಕಡಮೆಯೆಂದು ಹೇಳಬಹುದೇ? ಹರಾಜು ಅಳೆಯುವುದು ಪ್ರೀತಿಯ ಆಳವನ್ನಲ್ಲ. ಹಣವುಳ್ಳವರ ನಡುವಿನ ಪೈಪೋಟಿಯನ್ನು.

ಗುರುತಿನ ಸಾಕ್ಷಿ

ಇನ್ನೊಂದು ಸಂಗತಿ ಉಳಿದಿದೆ. ‘ಬೀಟಲ್ಸ್’ ತಂಡದ ಜಾನ್ ಲೆನನ್ ೧೯೬೨ರಲ್ಲಿ ಕೊಂಡ ಗಿಬ್ಸನ್ ಗಿಟಾರೊಂದು ಮರುವರ್ಷದ ಕೊನೆಯ ಹೊತ್ತಿಗೆ ಲಂಡನ್ನಿನಲ್ಲಿ ಕಾಣೆಯಾಯಿತು. ೧೯೬೯ರಲ್ಲಿ ಅಮೇರಿಕದ ಒಬ್ಬಾತನು ಅದು ಯಾರದೆಂದು ತಿಳಿಯದೆ ೧೭೫ ಡಾಲರುಗಳಿಗೆ ಅದನ್ನು ಕೊಂಡು, ಹಲವಾರು ವರ್ಷ ತನ್ನ ಮನೆಯಲ್ಲಿಟ್ಟುಕೊಂಡು ನುಡಿಸಿದನು. ಬಹುಕಾಲದ ಮೇಲೆ ಅನುಮಾನ ಬಂದು ತಜ್ಞರಿಗೆ ತೋರಿಸಲಾಗಿ, ಕ್ರಮಸಂಖ್ಯೆಯೂ, ಹಳೆಯ ಛಾಯಾಚಿತ್ರಗಳಲ್ಲಿದ್ದ ಮರದ ಎಳೆಗಳೂ ಗೀರುಗಳೂ ಹೊಂದಿಕೊಂಡುವು. ಒಂದು ಮರದ ಎಳೆಯಂತೆ ಇನ್ನೊಂದರ ಎಳೆಯಿರದು. ಮನುಷ್ಯನ ಬೆರಳಚ್ಚಿನಂತೆ ಅದೂ ನಂಬಬಹುದಾದ ಗುರುತು. ೨೦೧೫ರಲ್ಲಿ ಆ ಗಿಟಾರು ೨೪ ಲಕ್ಷ ೧೦ ಸಾವಿರ ಡಾಲರುಗಳಿಗೆ ಮಾರಾಟವಾಯಿತು. ಗಿಟಾರಿನಲ್ಲಿ ಆದ ಬದಲಾವಣೆ ಏನೂ ಇಲ್ಲ. ಬದಲಾದುದು ಅದರ ವಿಷಯದಲ್ಲಿ ಮನುಷ್ಯನ ತಿಳಿವಳಿಕೆ. ಲೆನನ್ನನ ಸ್ಪರ್ಶ ಮೊದಲೂ ಇತ್ತು. ಸಾಕ್ಷಿ ಮಾತ್ರ ಇರಲಿಲ್ಲ.

ಹೀಗೆ ನಮ್ಮ ಶೋಧನೆಯ ಫಲವನ್ನು ಕೂಡಿಸಿ ಹೇಳಬಹುದು. ಪ್ರಸಿದ್ಧನ ವಾದ್ಯಕ್ಕೆ ಬರುವ ಬೆಲೆಯಲ್ಲಿ ಮರದ ಪಾಲು ಅಲ್ಪ, ನಾದದ ಪಾಲು ಸ್ವಲ್ಪ. ಉಳಿದುದು ಮೂರು ಮೂಲಗಳಿಂದ ಬರುತ್ತದೆ: ನಕಲು ಮಾಡಲಾಗದ ಚರಿತ್ರೆ, ಅದಕ್ಕೆ ದೃಢವಾದ ಸಾಕ್ಷಿ, ಅದಕ್ಕಾಗಿ ಸೆಣಸುವ ಕನಿಷ್ಠ ಇಬ್ಬರು.

ಈ ಮೂರರಲ್ಲಿ ಸೆಣಸುವ ಧನಿಕರನ್ನು ಹುಟ್ಟಿಸುವುದು ನಮ್ಮ ಕೈಯಲ್ಲಿಲ್ಲ. ಅದು ಬೇಕಾಗಿಯೂ ಇಲ್ಲ. ಸಾಕ್ಷಿಯನ್ನು ಉಳಿಸುವುದು ಮಾತ್ರ ನಮ್ಮ ಕೈಯಲ್ಲಿಯೇ ಇದೆ. ಹಳಿಯಾಳ, ಜೋಯಿಡಾ, ಮುಂಡಗೋಡಗಳ ಸಿದ್ದಿ ಜನರ ಮನೆಗಳಲ್ಲಿ ತೊಗಲು ಬಿಗಿದ ದಮಾಮ್ ಉಂಟು. ಧಾರವಾಡ, ಹುಬ್ಬಳ್ಳಿಗಳ ಮನೆಗಳಲ್ಲಿ ಗುರುವಿನಿಂದ ಶಿಷ್ಯನಿಗೆ ಬಂದ ತಂಬೂರಿ ಉಂಟು. ಭಜನೆಯ ಮನೆಗಳಲ್ಲಿ ಅಜ್ಜನ ಕಾಲದ ಪೆಟ್ಟಿಗೆ ಉಂಟು. ಇವುಗಳನ್ನು ಮಾಡಿದವರಾರು, ನುಡಿಸಿದವರಾರು, ಎಂದು, ಎಲ್ಲಿ? ಬಲ್ಲ ಹಿರಿಯರು ಇಂದು ಇರುವರು, ನಾಳೆ ಇರಲಾರರು. ಅವರು ಹೋದ ಮರುದಿನ ವಾದ್ಯ ಬರಿಯ ಮರವಾಗುತ್ತದೆ. ವಾಚಕರಲ್ಲಿ ವಿದ್ಯಾರ್ಥಿಗಳಾದವರು ಈ ರಜೆಯಲ್ಲಿ ತಮ್ಮ ಮನೆಯ ಒಂದು ಹಳೆಯ ವಸ್ತುವಿನ ಚರಿತ್ರೆಯನ್ನು ಕೇಳಿ, ತಾರೀಖು ಸಹಿತ ಬರೆದು, ಒಂದು ಛಾಯಾಚಿತ್ರವನ್ನು ಜೊತೆಗಿಡಲಿ. ಲೆನನ್ನನ ಗಿಟಾರಿಗೆ ಐವತ್ತು ವರ್ಷ ಇಲ್ಲದೆ ಹೋದುದು ಇಷ್ಟು ಮಾತ್ರ.

ಮರವನ್ನೂ ಮರೆಯದಿರೋಣ. ಬೀಟೆಯ ಒಳಗೆ ಅಗಲವಾದ ಕೆಚ್ಚು ಕೂಡಲು ಹಲವು ದಶಕಗಳು ಬೇಕು. ಕಾಡಿನಲ್ಲಿ ಅದರ ಸಂಖ್ಯೆ ಇಳಿಯುತ್ತ ಬಂದು, ಅಪಾಯದಂಚಿನ ಮರಗಳ ಪಟ್ಟಿಯಲ್ಲಿ ಅದು ಸೇರಿದೆ. ೨೦೧೭ರಿಂದ ಅದರ ಕುಲದ ಮರಗಳೆಲ್ಲವೂ ಅಂತರರಾಷ್ಟ್ರೀಯ ವ್ಯಾಪಾರದ ಕಟ್ಟುಪಾಡಿಗೆ ಒಳಪಟ್ಟಿವೆ. ಸಿದ್ಧವಾದ ವಾದ್ಯಗಳಿಗೆ ೨೦೧೯ರಲ್ಲಿ ವಿನಾಯಿತಿ ದೊರೆಯಿತು. ಹರಾಜಿನಲ್ಲಿ ಕುಣಿಯುವ ಲಕ್ಷಾಂತರ ಡಾಲರುಗಳಲ್ಲಿ ಒಂದು ಕಾಸೂ ತಾನಾಗಿ ಆ ಮರದ ಬುಡಕ್ಕೆ ಮರಳಿ ಬರುವುದಿಲ್ಲ. ಲ್ಯಾಂಕಾಸ್ಟರಿನ ಪ್ರಯೋಗ ಈ ದೃಷ್ಟಿಯಿಂದ ಸಮಾಧಾನದ ಸುದ್ದಿ. ಸಾಧಾರಣ ಮರದಿಂದಲೂ ಒಳ್ಳೆಯ ನಾದ ಬರುವುದಾದರೆ, ಮುಂದಿನ ಮಹಾವಾದಕನ ಗಿಟಾರಿಗಾಗಿ ಹಳೆಯ ಬೀಟೆಯೊಂದು ಉರುಳಬೇಕಾಗಿಲ್ಲ. ಅದು ಕಾಳೀ ನದಿಯ ಕಣಿವೆಯಲ್ಲಿ ನಿಂತೇ ಇರಬಹುದು.